ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ತ್ಯಾಜ್ಯ ವಿಂಗಡಣೆ ಹಾಗೂ ಮರುಬಳಕೆಯ ನಿಯಮಗಳು

ಮನೆ, ಅಂಗಡಿ, ಹೋಟೆಲು, ಕಾರ್ಖಾನೆಗಳಿಂದ ಹೊರಬೀಳುವ ವಸ್ತುಗಳಲ್ಲಿ ಯಾವುವನ್ನು ಕಡ್ಡಾಯವಾಗಿ ಮರುಬಳಕೆಗೆ ಕೊಡಬೇಕು ಎಂಬ ಪ್ರಶ್ನೆಗೆ ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಒಂದೇ ಕಾನೂನಿನಲ್ಲಿ ಉತ್ತರ ಸಿಗುವುದಿಲ್ಲ. ನ್ಯೂಯಾರ್ಕ್ ನಗರ 1989ರಲ್ಲಿ ತನ್ನದೇ ಸ್ಥಳೀಯ ಕಾನೂನು ಮಾಡಿಕೊಂಡು ಕಾಗದ, ಲೋಹ, ಗಾಜು, ಪ್ಲಾಸ್ಟಿಕ್‌ಗಳನ್ನು ಬೇರ್ಪಡಿಸಿ ಕೊಡುವುದನ್ನು ನಿವಾಸಿಗಳ ಕರ್ತವ್ಯವಾಗಿಸಿತು. ಜರ್ಮನಿ 1991ರಲ್ಲಿ ಪೊಟ್ಟಣ ಕಟ್ಟಿ ಮಾರಿದವರೇ ಖಾಲಿ ಪೊಟ್ಟಣವನ್ನು ಹಿಂಪಡೆಯಬೇಕೆಂದು ವಿಧಿಸಿತು. ಭಾರತ ಈ ಎರಡು ದಾರಿಗಳನ್ನೂ ಬೆರೆಸಿಕೊಂಡಿದೆ. ಇಲ್ಲಿ ಮನೆಯವರ ಮೇಲಿರುವುದು ವಿಂಗಡಿಸುವ ಹೊಣೆ, ಸ್ಥಳೀಯ ಸಂಸ್ಥೆಯ ಮೇಲಿರುವುದು ಸಂಗ್ರಹಿಸಿ ಸಂಸ್ಕರಿಸುವ ಹೊಣೆ. ಮರುಬಳಕೆ ಮಾಡಿಸುವ ಹೊಣೆ ಪ್ಲಾಸ್ಟಿಕ್, ಬ್ಯಾಟರಿ, ಟೈರು, ವಿದ್ಯುನ್ಮಾನ ಸಾಮಗ್ರಿಯಂಥ ಕೆಲವು ವಸ್ತುಗಳ ಮಟ್ಟಿಗೆ ಮಾತ್ರ ತಯಾರಕರದ್ದು. ಈ ಮೂರು ಹೊಣೆಗಳ ನಡುವೆ ಜಾರಿಬೀಳುವ ವಸ್ತುಗಳೇ ಎರಡೂ ಜಿಲ್ಲೆಗಳ ಚರಂಡಿ, ಕೆರೆಯಂಗಳ, ರಸ್ತೆಬದಿಗಳಲ್ಲಿ ಕಾಣುತ್ತವೆ. ನಿಯಮಗಳ ಇತಿಹಾಸವನ್ನು ಹಿಂಬಾಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಬಿಸಾಡಿದ ವಸ್ತುವನ್ನು ಇಂಥವರೇ ತೆಗೆದುಕೊಳ್ಳಬೇಕು ಎಂದು ಕಾನೂನು ಹೆಸರಿಸಿದ ಕಡೆ ಅಥವಾ ಆ ವಸ್ತುವಿಗೆ ಒಂದು ಬೆಲೆ ಕಟ್ಟಿದ ಕಡೆ ಮರುಬಳಕೆ ನಡೆದಿದೆ, ‘ಬೇರ್ಪಡಿಸಿ’ ಎಂದಷ್ಟೇ ಹೇಳಿ ನಿಂತ ಕಡೆ ನಡೆದಿಲ್ಲ.

ಎರಡೂ ಜಿಲ್ಲೆಗಳು 1965ರ ಅಕ್ಟೋಬರ್ 2ರವರೆಗೆ ಒಂದೇ ಆಗಿದ್ದವು. ಆ ದಿನ ಸೇಲಂನಿಂದ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಹೊರಬಂತು. ಪೆನ್ನಾಗರಂ ಮತ್ತು ಮೆಟ್ಟೂರು ಸೀಮೆಗಳು ಕರ್ನಾಟಕದ ಗಡಿಗೆ ತಾಗಿಕೊಂಡಿವೆ. ಕನ್ನಡ ಮನೆಮಾತಿನ ಕುಟುಂಬಗಳು, ಅದರಲ್ಲೂ ನೇಕಾರ ದೇವಾಂಗದವರು, ಈ ನಾಡಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಒಂದೇ ತಾಯಿಬೇರಿನ ಜಿಲ್ಲೆಗಳಾದರೂ ಕಸದ ಲೆಕ್ಕದಲ್ಲಿ ಇವು ಬೇರೆ ಬೇರೆ ಲೋಕಗಳು. 2011ರ ಜನಗಣತಿಯಂತೆ ಸೇಲಂ ಜಿಲ್ಲೆಯ 34.8 ಲಕ್ಷ ಜನರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಪಟ್ಟಣವಾಸಿಗಳು. ಸೇಲಂ ನಗರವೊಂದರಲ್ಲೇ 8.29 ಲಕ್ಷ ಜನರಿದ್ದರು. 1994ರಲ್ಲಿ ಮಹಾನಗರ ಪಾಲಿಕೆಯಾದ ಈ ನಗರ ಸೂರಮಂಗಲಂ, ಹಸ್ತಂಪಟ್ಟಿ, ಅಮ್ಮಾಪೇಟೆ, ಕೊಂಡಲಾಂಪಟ್ಟಿ ಎಂಬ ನಾಲ್ಕು ವಲಯಗಳಲ್ಲಿ 60 ವಾರ್ಡುಗಳಾಗಿ ಹಂಚಿಹೋಗಿದೆ. ಧರ್ಮಪುರಿ ಜಿಲ್ಲೆಯ 15 ಲಕ್ಷ ಜನರಲ್ಲಾದರೋ ಪಟ್ಟಣವಾಸಿಗಳು ನೂರಕ್ಕೆ 17 ಮಾತ್ರ. ಧರ್ಮಪುರಿ ಪಟ್ಟಣದ ಜನಸಂಖ್ಯೆ ಆಗ 68 ಸಾವಿರದಷ್ಟಿತ್ತು. ಉಳಿದದ್ದು ಪಾಲಕ್ಕೋಡು, ಹರೂರು, ಪೆನ್ನಾಗರಂ, ಕಾರಿಮಂಗಲಂನಂಥ ಸಣ್ಣ ಊರುಗಳು ಮತ್ತು ನೂರಾರು ಗ್ರಾಮ ಪಂಚಾಯತಿಗಳು. ಕಸದ ನಿಯಮಗಳೆಲ್ಲ ಬಹುಕಾಲ ನಗರವನ್ನೇ ಕಣ್ಮುಂದಿಟ್ಟುಕೊಂಡು ಬರೆದಂಥವು. ಸೇಲಂಗೆ ಅವು ಒಂದು ಮಟ್ಟಿಗೆ ಹೊಂದಿದವು, ಧರ್ಮಪುರಿಯ ಬಹುಪಾಲು ನೆಲವನ್ನು ಮುಟ್ಟಲೇ ಇಲ್ಲ.

ನಿಯಮಗಳ ಮೂಲ ಕರ್ನಾಟಕಕ್ಕೂ ಸಂಬಂಧಪಟ್ಟದ್ದು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ ಕೇಂದ್ರ ಸರ್ಕಾರ 2000ದ ಸೆಪ್ಟೆಂಬರಿನಲ್ಲಿ ಮೊದಲ ಪೌರ ಘನತ್ಯಾಜ್ಯ ನಿಯಮಗಳನ್ನು ಹೊರಡಿಸಿತು. ಕಸವನ್ನು ಊರ ಹೊರಗೆ ಸುರಿಯುವುದೇ ವಿಲೇವಾರಿ ಎಂಬ ನಂಬಿಕೆಯನ್ನು ಕಾನೂನು ಪ್ರಶ್ನಿಸಿದ್ದು ಆಗಲೇ. 2016ರ ಏಪ್ರಿಲ್ 8ರಂದು ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಂಗಡಣೆಯನ್ನು ಮನೆಬಾಗಿಲಿಗೇ ತಂದವು. ಕೊಳೆಯುವ ಕಸ, ಕೊಳೆಯದ ಕಸ, ಮನೆಯ ಅಪಾಯಕಾರಿ ಕಸ ಎಂಬ ಮೂರು ಪಾಲು ಮಾಡುವುದು ಪ್ರತಿ ಮನೆಯ, ಪ್ರತಿ ಅಂಗಡಿಯ ಕರ್ತವ್ಯವಾಯಿತು. ಕಸವನ್ನು ಬೀದಿಗೆ ಎಸೆಯುವುದು, ಸುಡುವುದು, ಹೂಳುವುದು ನಿಷಿದ್ಧವಾಯಿತು. 5000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯ ಮತ್ತು ಸಂಸ್ಥೆಗಳು, ಜೊತೆಗೆ ಎಲ್ಲ ಹೋಟೆಲುಗಳು, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಜೈವಿಕ ಅನಿಲ ಮಾಡಬೇಕು, ಮರುಬಳಕೆಗೆ ಬರುವ ವಸ್ತುವನ್ನು ಅಧಿಕೃತ ಆಯುವವರಿಗೆ ಅಥವಾ ಮರುಬಳಕೆದಾರರಿಗೆ ಒಪ್ಪಿಸಬೇಕು ಎಂದಾಯಿತು. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು ಪರವಾನಗಿಯಿಲ್ಲದ ಜಾಗದಲ್ಲಿ ನಡೆಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕಿತ್ತು. ಸ್ಥಳೀಯ ಸಂಸ್ಥೆಗಳು ಒಂದು ವರ್ಷದೊಳಗೆ ಉಪವಿಧಿ ಮಾಡಿ ಶುಲ್ಕವನ್ನೂ ಸ್ಥಳದಲ್ಲೇ ವಿಧಿಸುವ ದಂಡವನ್ನೂ ಗೊತ್ತುಪಡಿಸಬೇಕೆಂದೂ ಹೇಳಲಾಯಿತು. ತಮಿಳುನಾಡಿನ ಪೌರಸಂಸ್ಥೆಗಳು ಈ ವಿಂಗಡಣೆಯನ್ನೇ ‘ಮಕ್ಕುಂ ಕುಪ್ಪೈ’ ಅಂದರೆ ಕೊಳೆಯುವ ಕಸಕ್ಕೆ ಹಸಿರು ಡಬ್ಬಿ, ‘ಮಕ್ಕಾದ ಕುಪ್ಪೈ’ ಅಂದರೆ ಕೊಳೆಯದ ಕಸಕ್ಕೆ ನೀಲಿ ಡಬ್ಬಿ ಎಂದು ಜನರಿಗೆ ತಿಳಿಸಿಕೊಟ್ಟವು.

ಹಸಿ ಕಸದ ಮಟ್ಟಿಗೆ ಈ ವ್ಯವಸ್ಥೆಗೆ ಒಂದು ತರ್ಕವಿದೆ. ಅದನ್ನು ತೆಗೆದುಕೊಳ್ಳುವವರು ಯಾರೆಂಬುದೂ ಗೊತ್ತಿದೆ. ತಮಿಳುನಾಡಿನ ನಗರಗಳು ವಾರ್ಡು ಮಟ್ಟದಲ್ಲಿ ಕಟ್ಟಿದ ಸಣ್ಣ ಗೊಬ್ಬರ ಕೇಂದ್ರಗಳು ಅದಕ್ಕೆಂದೇ ಇವೆ. ಸೇಲಂನ ಕಸ ಎರುಮಪಾಳೆಯಂ ಮತ್ತು ಚೆಟ್ಟಿಚಾವಡಿಯ ಅಂಗಳಗಳಲ್ಲಿ ವರ್ಷಗಟ್ಟಲೆ ಗುಡ್ಡೆಯಾಗುತ್ತ ಬಂದದ್ದಕ್ಕೆ ಬೆರಕೆ ಕಸವೇ ಕಾರಣ. ಎಂಜಲು ಮೆತ್ತಿದ ಕಾಗದ ಕಾಗದದ ಗಿರಣಿಗೆ ಬಾರದು. ಆ ಹಳೆಯ ರಾಶಿಗಳನ್ನು ಅಗೆದು, ಜರಡಿ ಹಿಡಿದು, ಮಣ್ಣು, ಕಲ್ಲು, ಪ್ಲಾಸ್ಟಿಕ್ ಬೇರೆ ಮಾಡುವ ಜೈವಿಕ ಗಣಿಗಾರಿಕೆ ನಡೆಸಿ ನೆಲ ಬಿಡಿಸಿಕೊಳ್ಳಬೇಕಾಯಿತು. ಬೆಳಿಗ್ಗೆ ಅಡುಗೆಮನೆಯಲ್ಲಿ ಖರ್ಚಿಲ್ಲದೆ ಆಗಬಹುದಾಗಿದ್ದ ವಿಂಗಡಣೆಯನ್ನು ಹತ್ತಾರು ವರ್ಷಗಳ ನಂತರ ಯಂತ್ರ ಹಚ್ಚಿ, ಸಾರ್ವಜನಿಕ ಹಣದಲ್ಲಿ ಮಾಡುವ ಕೆಲಸವದು. ಒಣ ಕಸದ ವಿಷಯ ಬೇರೆ. ‘ಕೊಳೆಯದ ಕಸ’ ಎಂಬ ಒಂದೇ ಹೆಸರಿನಡಿ ತಾಮ್ರದ ತಂತಿಯೂ ಬಿಸ್ಕತ್ತಿನ ಹೊದಿಕೆಯೂ ಒಡೆದ ಗಾಜೂ ಹರಿದ ಚಪ್ಪಲಿಯೂ ಸೇರುತ್ತವೆ. 2016ರ ನಿಯಮಗಳ ವ್ಯಾಖ್ಯೆಯಲ್ಲಂತೂ ಬಳಸಿದ ಸ್ಯಾನಿಟರಿ ಪ್ಯಾಡು ಮತ್ತು ಡೈಪರುಗಳೂ ಒಣ ಕಸವೇ ಆಗಿದ್ದವು. ಅವನ್ನು ಸುತ್ತಿ ಕೊಡಬೇಕೆಂಬ ಸೂಚನೆಯಿತ್ತು, ನಿಜ. ಆದರೆ ಕಾಗದ, ಬಾಟಲಿಗಳ ಚೀಲದಲ್ಲೇ ಅವೂ ಬಂದಾಗ ವಿಂಗಡಿಸುವ ಕೈಗಳಿಗೆ ಆಗುವ ಅಪಾಯವನ್ನು ಆ ನಿಯಮ ಬರೆದವರು ಸಾಕಷ್ಟು ಯೋಚಿಸಲಿಲ್ಲ ಎಂದೇ ಹೇಳಬೇಕು. ಆ ಕೈಗಳು ಬಹುತೇಕ ದಲಿತ ಸಮುದಾಯಗಳ ಹೆಣ್ಣುಮಕ್ಕಳವು.

ಒಣ ಕಸದಲ್ಲಿ ಬೆಲೆಯಿರುವುದನ್ನು ಯಾವ ಕಾನೂನೂ ಕಾಯಬೇಕಾಗಿಲ್ಲ. ಹಳೇ ಪೇಪರು, ರಟ್ಟು, ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ನೀರಿನ ಬಾಟಲಿ, ತೊಳೆದ ಹಾಲಿನ ಪ್ಯಾಕೆಟ್ಟು ಇವೆಲ್ಲ ಗುಜರಿ ಅಂಗಡಿಯ ದಾರಿ ಹಿಡಿಯುತ್ತವೆ. ತೂಕದ ವ್ಯಾಪಾರಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಗಿರಣಿಗೆ ಅಥವಾ ಕುಲುಮೆಗೆ ಹೋಗುವ ಈ ಸಾಲು ನಿಯಮಗಳಿಗಿಂತ ಬಹಳ ಹಳೆಯದು. ಈ ಎರಡು ಜಿಲ್ಲೆಗಳ ಉದ್ಯಮಗಳೂ ಹಾಗೆಯೇ ತಮ್ಮ ಶೇಷವನ್ನು ಬಳಸಿಕೊಂಡಿವೆ. ಸೇಲಂ ಉಕ್ಕಿನ ಸ್ಥಾವರದ ಕರಗಿಸುವ ಘಟಕಕ್ಕೆ ತುಕ್ಕುರಹಿತ ಉಕ್ಕಿನ ಗುಜರಿ ಒಂದು ಕಚ್ಚಾಮಾಲು. ಸಬ್ಬಕ್ಕಿ ಗಿರಣಿಗಳಲ್ಲಿ ಮರಗೆಣಸಿನ ಹಾಲು ಹಿಂಡಿದ ಮೇಲೆ ಉಳಿಯುವ ‘ತಿಪ್ಪಿ’ ಒಣಗಿ ದನಗಳ ಮೇವಾಗುತ್ತದೆ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಒಲೆಗೇ ಉರುವಲು. ಇದನ್ನು ನೋಡಿ, ಮಾರುಕಟ್ಟೆಯೇ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರುವಾಗ ಕಾನೂನು ಏಕೆ ಬೇಕು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಬೆಲೆ ಇದೆ, ಏಕೆಂದರೆ ಗುಜರಿಯವರನ್ನು ಕಡೆಗಣಿಸಿ ರೂಪಿಸಿದ ಯಾವ ಯೋಜನೆಯೂ ನಿಲ್ಲುವುದಿಲ್ಲ. 2016ರ ನಿಯಮಗಳೂ ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಎಂದಿದ್ದವು. ಆದರೆ ಗುಜರಿ ವ್ಯಾಪಾರ ಆಯ್ದುಕೊಂಡು ನಡೆಯುವ ವ್ಯಾಪಾರ. ಹಗುರವಾದದ್ದು, ಕೊಳೆಯಾದದ್ದು, ಹಲವು ಪದರಗಳನ್ನು ಬೆಸೆದು ಮಾಡಿದ್ದು ತಕ್ಕಡಿಗೆ ಏರುವುದಿಲ್ಲ. ಕಚ್ಚಾತೈಲ ಅಗ್ಗವಾಗಿ ಹೊಸ ಪ್ಲಾಸ್ಟಿಕ್ ಸೋವಿಯಾದರೆ ಹಳೆಯದನ್ನು ಕೊಳ್ಳುವವರು ಹಿಂದೆ ಸರಿಯುತ್ತಾರೆ. ತಾಮ್ರ ತೆಗೆಯಲು ತಂತಿ ಸುಡುವುದು, ಸೀಸ ತೆಗೆಯಲು ಬ್ಯಾಟರಿ ಒಡೆಯುವುದು, ಇವುಗಳ ಹೊಗೆ ಮತ್ತು ಆಮ್ಲದ ಖರ್ಚು ತೂಕದ ಬೆಲೆಯಲ್ಲಿ ಸೇರಿರುವುದಿಲ್ಲ. ಬೆಲೆಯಿಲ್ಲದ ವಸ್ತು ಮತ್ತು ಬೆಲೆಯಲ್ಲಿ ಕಾಣದ ಹಾನಿ, ಕಾನೂನು ಹೆಸರಿಸಬೇಕಾದದ್ದು ಈ ಎರಡನ್ನೇ.

ಕಾನೂನು ಹೆಸರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲೇ ಇದೆ. 1980ರ ದಶಕದ ಕೊನೆಯಿಂದ ನಡೆಯುತ್ತಿರುವ, ಈಗ 1440 ಮೆಗಾವಾಟ್ ಸಾಮರ್ಥ್ಯದ ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಕಲ್ಲಿದ್ದಲು ಸುಟ್ಟು ಹಾರುಬೂದಿಯ ರಾಶಿ ಮಾಡುತ್ತದೆ. ಒಂದು ಕಾಲಕ್ಕೆ ದೇಶದ ಎಲ್ಲೆಡೆ ಈ ಬೂದಿಗೆ ಹೊಂಡವೇ ಗತಿಯಾಗಿತ್ತು. 1999ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆ ಎರಡು ಕಡೆಗೂ ಹೊಣೆ ಹೊರಿಸಿತು. ಸ್ಥಾವರದಿಂದ 50 ಕಿಲೋಮೀಟರಿನೊಳಗೆ ಇಟ್ಟಿಗೆ ಮಾಡುವವರು ಮಣ್ಣಿಗೆ ತೂಕದಲ್ಲಿ ಕನಿಷ್ಠ ನೂರಕ್ಕೆ 25 ಪಾಲು ಬೂದಿ ಬೆರೆಸಬೇಕು, ಸ್ಥಾವರದವರು ಕನಿಷ್ಠ ಹತ್ತು ವರ್ಷ ಬೂದಿಯನ್ನು ಪುಕ್ಕಟೆ ಕೊಡಬೇಕು. ಸೇಲಂ ನಗರ ಆ ವೃತ್ತದೊಳಗೆ ಬಂತು, ಧರ್ಮಪುರಿ ಪಟ್ಟಣ ಸ್ವಲ್ಪದರಲ್ಲೇ ಹೊರಗುಳಿಯಿತು. 2003ರಲ್ಲಿ ವೃತ್ತವನ್ನು 100 ಕಿಲೋಮೀಟರಿಗೆ ಹಿಗ್ಗಿಸಿದಾಗ ಅದೂ ಒಳಗಾಯಿತು. 1996–97ರಲ್ಲಿ ದೇಶದಲ್ಲಿ ಬಳಕೆಯಾಗುತ್ತಿದ್ದ ಹಾರುಬೂದಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. 2020–21ರ ಹೊತ್ತಿಗೆ ಅದು ನೂರಕ್ಕೆ 92ನ್ನು ದಾಟಿತು. ಸಿಮೆಂಟಿನವರಿಗೆ ಬೂದಿ ಲಾಭದ ವಸ್ತುವಾದದ್ದೂ ಇದಕ್ಕೆ ಕಾರಣವೆಂಬುದು ಸರಿ. ಆದರೆ ಆ ಲಾಭ ಕಣ್ಣಿಗೆ ಬಿದ್ದದ್ದು, ಬೂದಿಯನ್ನು ಸಾಗಿಸುವ, ಬೆರೆಸುವ, ಪರೀಕ್ಷಿಸುವ ಏರ್ಪಾಡುಗಳು ಹುಟ್ಟಿದ್ದು ಕಡ್ಡಾಯದ ನಂತರ. ವಸ್ತು ಯಾವುದು, ಪ್ರಮಾಣ ಎಷ್ಟು, ಕೊಡುವವರು ಯಾರು, ಪಡೆಯುವವರು ಯಾರು, ಎಷ್ಟು ದೂರದವರೆಗೆ ಎಂಬ ಐದನ್ನೂ ಬರೆದಿಟ್ಟ ನಿಯಮ ಇದು. ಮನೆಗಳ ಒಣ ಕಸಕ್ಕೆ ಇಷ್ಟು ಖಚಿತವಾದ ನಿಯಮ ಇಂದಿಗೂ ಬಂದಿಲ್ಲ.

ಇನ್ನೊಂದು ಸಾಕ್ಷಿ ಮದ್ಯದ ಬಾಟಲಿಯದು. ಕಾಡಿನಲ್ಲಿ ಒಡೆದ ಬಾಟಲಿಗಳಿಂದ ಆನೆ ಮತ್ತಿತರ ಪ್ರಾಣಿಗಳಿಗೆ ಗಾಯವಾಗುತ್ತಿರುವುದನ್ನು ಗಂಭೀರವಾಗಿ ತೆಗೆದುಕೊಂಡ ಮದರಾಸು ಹೈಕೋರ್ಟಿನ ನಿರ್ದೇಶನದಂತೆ 2022ರಲ್ಲಿ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಅದನ್ನು ಮರಳಿಸತೊಡಗಿದವು. ಅಲ್ಲಿ ಬಹುಪಾಲು ಬಾಟಲಿಗಳು ಅಂಗಡಿಗೆ ಮರಳಿ ಬಂದವು. ಕುಡಿದವರು ಎಸೆದರೂ ಇನ್ನೊಬ್ಬರು ಹೆಕ್ಕಿ ತಂದರು. ಯೋಜನೆ ಹಂತಹಂತವಾಗಿ ಬೇರೆ ಜಿಲ್ಲೆಗಳಿಗೆ ಹಬ್ಬಿ ಧರ್ಮಪುರಿಗೂ ಬಂತು. ಇದರ ವಿರುದ್ಧ ಅಂಗಡಿ ನೌಕರರ ಆಕ್ಷೇಪ ಹಗುರವಾದದ್ದಲ್ಲ: ಬಾಟಲಿ ಎಣಿಸುವ, ಚೀಟಿ ನೋಡುವ, ಕೂಡಿಡುವ ಕೆಲಸ ಅವರ ಮೇಲೆ ಬಿತ್ತು, ಅಂಗಡಿಯಲ್ಲಿ ಜಾಗ ಸಾಲದಾಯಿತು. ಆ ಕೆಲಸಕ್ಕೆ ಬೇರೆ ಜನ ಮತ್ತು ಬೇರೆ ಜಾಗ ಕೊಡಬೇಕೆಂಬುದು ನ್ಯಾಯವಾದ ಬೇಡಿಕೆ. ಯೋಜನೆಯನ್ನೇ ಬಿಡಬೇಕೆಂಬುದಕ್ಕೆ ಅದು ಕಾರಣವಾಗದು. ಗಾಜು ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ಒಡೆದರೆ ಗುಜರಿಯವರಿಗೂ ಬೇಡ. ಅಂಥ ವಸ್ತುವನ್ನು 10 ರೂಪಾಯಿಯ ಠೇವಣಿ ಜನ ಹುಡುಕಿ ತರುವಂತೆ ಮಾಡಿತು. ಹಳೆಯ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಕಳೆಯುವ ವಾಡಿಕೆಯೂ ಇದೇ ತತ್ವದ್ದು. 2001ರ ಬ್ಯಾಟರಿ ನಿಯಮಗಳು ಹಿಂಪಡೆಯುವ ಹೊಣೆಯನ್ನು ತಯಾರಕರಿಗೂ ಮಾರಾಟಗಾರರಿಗೂ ವಹಿಸಿದವು. 2022ರ ನಿಯಮಗಳು ಅದನ್ನು ಎಲ್ಲ ಬಗೆಯ ಬ್ಯಾಟರಿಗೂ ವಿಸ್ತರಿಸಿದವು. ಲಾರಿ ಉದ್ಯಮಕ್ಕೆ ಹೆಸರಾದ ಸಂಕಗಿರಿಯಂಥ ಊರಿಗೆ ಇದು ದಿನನಿತ್ಯದ ಮಾತು. ಸವೆದ ಟೈರಿಗೆ 2022ರ ಜುಲೈನಿಂದ ತಯಾರಕರ ಹೊಣೆ ಬಂದಿದೆ, ಬಳಸಿದ ಎಂಜಿನ್ ಎಣ್ಣೆ ಅಪಾಯಕಾರಿ ತ್ಯಾಜ್ಯದ ನಿಯಮದಡಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಕಂಪ್ಯೂಟರು, ಟಿವಿ, ಮೊಬೈಲುಗಳಿಗೆ 2022ರ ವಿದ್ಯುನ್ಮಾನ ತ್ಯಾಜ್ಯ ನಿಯಮಗಳೂ ಆಸ್ಪತ್ರೆಯ ಕಸಕ್ಕೆ 2016ರ ಜೈವಿಕ ವೈದ್ಯಕೀಯ ನಿಯಮಗಳೂ ಇವೆ.

ಪ್ಲಾಸ್ಟಿಕ್ ವಿಷಯದಲ್ಲಿ ತಮಿಳುನಾಡು ಕೇಂದ್ರಕ್ಕಿಂತ ಮೊದಲೇ ಹೆಜ್ಜೆಯಿಟ್ಟಿತು. ಸೇಲಂ ಜಿಲ್ಲೆಯ ಎಡಪ್ಪಾಡಿಯವರೇ ಆದ ಅಂದಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ 2018ರ ಜೂನ್ 5ರಂದು ವಿಧಾನಸಭೆಯಲ್ಲಿ ಘೋಷಿಸಿದ ನಿಷೇಧ 2019ರ ಜನವರಿ 1ರಿಂದ ಜಾರಿಗೆ ಬಂತು. ಒಮ್ಮೆ ಬಳಸಿ ಎಸೆಯುವ ಕೈಚೀಲ, ತಟ್ಟೆ, ಲೋಟ, ಕೊಳವೆ, ನೀರಿನ ಪೊಟ್ಟಣ, ಊಟ ಕಟ್ಟುವ ಹಾಳೆ ಮುಂತಾದ 14 ಬಗೆಯ ವಸ್ತುಗಳ ತಯಾರಿಕೆ, ದಾಸ್ತಾನು, ಮಾರಾಟ, ಬಳಕೆ ಎಲ್ಲವೂ ದಪ್ಪವೆಷ್ಟೇ ಇರಲಿ ನಿಷಿದ್ಧವಾದವು. ಕೇಂದ್ರದ ನಿಷೇಧ 2022ರ ಜುಲೈ 1ಕ್ಕೆ ಬಂತು. ಅದು ಕೈಚೀಲವನ್ನು 120 ಮೈಕ್ರಾನ್ ದಪ್ಪವಿದ್ದರೆ ಇಂದಿಗೂ ಒಪ್ಪುತ್ತದೆ. 2021ರ ಡಿಸೆಂಬರಿನಲ್ಲಿ ಶುರುವಾದ ‘ಮೀಂಡುಂ ಮಂಜಪ್ಪೈ’ ಆಂದೋಲನ ಹಳೆಯ ಹಳದಿ ಬಟ್ಟೆಚೀಲವನ್ನು ಮತ್ತೆ ಕೈಗೆತ್ತಿಕೊಳ್ಳಲು ಜನರನ್ನು ಕರೆಯಿತು. ನಿಷೇಧ ಒಳ್ಳೆಯದೇ, ಆದರೆ ಅದರ ಅಂಚನ್ನು ಗಮನಿಸಬೇಕು. ಬೀದಿಬದಿಯ ಹೂವಿನವಳ ಚೀಲ ನಿಷೇಧದೊಳಗೆ ಬಂತು. ದೊಡ್ಡ ಕಂಪನಿಗಳು ಕಾರ್ಖಾನೆಯಲ್ಲೇ ಮುಚ್ಚಿ ಕಳಿಸುವ ಚಿಪ್ಸಿನ ಪೊಟ್ಟಣ, ಶಾಂಪೂ ಸ್ಯಾಷೆ ಹೊರಗೇ ಉಳಿದವು. 2020ರಲ್ಲಿ ರಾಜ್ಯ ಆ ವಿನಾಯಿತಿಯನ್ನು ಹಿಂತೆಗೆದುಕೊಂಡರೂ ಅಂಗಡಿಯ ಮುಂದಿನ ಸ್ಯಾಷೆ ಸರಗಳು ಮಾಯವಾಗಲಿಲ್ಲ. ಒಂದು ರೂಪಾಯಿಯ ಶಾಂಪೂ ಜನಪ್ರಿಯವಾದದ್ದು ತಮಿಳುನಾಡಿನ ಕಡಲೂರಿನ ಉದ್ಯಮಿಗಳ ಕೈಯಲ್ಲಿ. ಬಡವರ ಮನೆಗೂ ಅದು ತಲುಪಿತೆಂಬುದು ಅದರ ಹೆಗ್ಗಳಿಕೆ. ಖಾಲಿಯಾದ ಮೇಲೆ ಅದನ್ನು ಯಾರು ವಾಪಸು ತರಬೇಕೆಂಬುದನ್ನು ಆಗ ಯಾರೂ ಕೇಳಲಿಲ್ಲ. ಹೊಗೇನಕಲ್ಲಿನಲ್ಲಿ ಎಣ್ಣೆ ತಿಕ್ಕಿಸಿಕೊಂಡು ಸ್ನಾನ ಮಾಡುವವರು ಬಿಟ್ಟುಹೋಗುವ ಸ್ಯಾಷೆ ಕಾವೇರಿಯಲ್ಲಿ ತೇಲಿದರೆ ಮುಂದಿನ ನಿಲ್ದಾಣ ಮೆಟ್ಟೂರಿನ ಜಲಾಶಯ.

ಖಾಲಿ ಹೊದಿಕೆ ಯಾರ ಹೊಣೆ ಎಂಬ ಆ ಪ್ರಶ್ನೆಯನ್ನು ಕಾನೂನು ಪ್ರಮಾಣ ಸಮೇತ ಕೇಳಿದ್ದು ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ 2022ರ ಫೆಬ್ರುವರಿ 16ರಂದು ತಂದ ತಿದ್ದುಪಡಿಯಲ್ಲಿ. ಪ್ಲಾಸ್ಟಿಕ್ ಹೊದಿಕೆಯನ್ನು ಗಡುಸಾದದ್ದು, ಬಳುಕುವಂಥದ್ದು, ಪ್ಲಾಸ್ಟಿಕ್ ಜೊತೆ ಬೇರೆ ವಸ್ತುವಿನ ಪದರ ಬೆಸೆದದ್ದು, ಗೊಬ್ಬರವಾಗಬಲ್ಲದ್ದು ಎಂದು ನಾಲ್ಕು ವರ್ಗ ಮಾಡಿ, ಪ್ರತಿ ವರ್ಗದಲ್ಲೂ ಉತ್ಪಾದಕರು ಎಷ್ಟು ಪಾಲನ್ನು ಮರುಬಳಕೆ ಮಾಡಿಸಲೇಬೇಕೆಂದು ಅದು ವಿಧಿಸಿತು. ಗಡುಸು ಪ್ಲಾಸ್ಟಿಕ್‌ಗೆ 2024–25ರಲ್ಲಿ ನೂರಕ್ಕೆ 50, 2027–28ರ ಹೊತ್ತಿಗೆ 80. ಬಳುಕುವ ಮತ್ತು ಬಹುಪದರದ ಹೊದಿಕೆಗೆ 30ರಿಂದ 60. ಭಾರತದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಮಟ್ಟಿಗೆ ‘ಇದನ್ನು ಮರುಬಳಕೆ ಮಾಡಲೇಬೇಕು’ ಎಂದು ವಸ್ತುವಿನ ಹೆಸರು ಮತ್ತು ಪ್ರಮಾಣದೊಂದಿಗೆ ಬರೆದ ಪಟ್ಟಿ ಇದ್ದರೆ ಅದು ಇದೇ. ದೋಷವಿರುವುದು ಭೂಗೋಳದಲ್ಲಿ. ಉತ್ಪಾದಕರು ತಮ್ಮ ಹೊಣೆಯನ್ನು ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಪೂರೈಸಬಹುದು. ಆ ಪ್ಲಾಸ್ಟಿಕ್ ಎಲ್ಲಿ ಮಾರಾಟವಾದದ್ದು, ಎಲ್ಲಿಂದ ಹೆಕ್ಕಿದ್ದು ಎಂಬುದು ಮುಖ್ಯವಲ್ಲ. ಪೆನ್ನಾಗರಂನಲ್ಲಿ ಮಾರಿದ ಹೊದಿಕೆಯ ಲೆಕ್ಕ ಸಾವಿರ ಕಿಲೋಮೀಟರ್ ಆಚೆಯ ಕೈಗಾರಿಕಾ ವಸಾಹತುವಿನಲ್ಲಿ ಚುಕ್ತಾ ಆಗಬಹುದು, ಹೊದಿಕೆ ಮಾತ್ರ ಪೆನ್ನಾಗರಂನಲ್ಲೇ ಉಳಿಯುತ್ತದೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ಕೆಲವು ಘಟಕಗಳು ಸೃಷ್ಟಿಸಿದ ಸುಮಾರು 6 ಲಕ್ಷ ಸುಳ್ಳು ಪ್ರಮಾಣಪತ್ರಗಳು ಸಿಕ್ಕಿಬಿದ್ದವು. ವಸ್ತುವಿನ ಬದಲು ಕಾಗದವನ್ನು ಎಣಿಸಿದರೆ ಆಗುವುದು ಹೀಗೆಯೇ. ಇಡೀ ದೇಶಕ್ಕೆ ಒಂದೇ ಮಾರುಕಟ್ಟೆಯಿದ್ದರೆ ಖರ್ಚು ಕಡಿಮೆ, ದೂರದ ಜಿಲ್ಲೆಗಳಿಂದ ಸಂಗ್ರಹಿಸುವುದು ದುಬಾರಿ ಎಂದು ಉದ್ಯಮದವರು ವಾದಿಸುತ್ತಾರೆ. ಸಾಬೂನಿನ ಪೊಟ್ಟಣವನ್ನು ಅದೇ ದೂರದ ಜಿಲ್ಲೆಯ ಕೊನೆಯ ಅಂಗಡಿಗೆ ತಲುಪಿಸುವುದು ದುಬಾರಿಯೆಂದು ಅವರು ಎಂದೂ ಹಿಂಜರಿದವರಲ್ಲ. ತಲುಪಿಸುವ ಖರ್ಚು ಬೆಲೆಯಲ್ಲಿ ಸೇರುವುದಾದರೆ ಹಿಂತರುವ ಖರ್ಚೂ ಸೇರಬೇಕು.

ಮರುಬಳಕೆಗೆ ಬಾರದ್ದನ್ನು ಸುಟ್ಟು ಶಾಖ ಪಡೆಯಬಹುದಲ್ಲ ಎಂಬುದು ಇನ್ನೊಂದು ವಾದ. 2016ರ ನಿಯಮಗಳೇ ಅದಕ್ಕೆ ಜಾಗ ಕೊಟ್ಟಿದ್ದವು. ಕಿಲೋಗೆ 1500 ಕಿಲೋ ಕ್ಯಾಲೊರಿಗಿಂತ ಹೆಚ್ಚು ಶಾಖ ಕೊಡಬಲ್ಲ ಕಸವನ್ನು ಹೂಳಬಾರದು. ಕಸದಿಂದ ಉರುವಲು ಮಾಡುವ ಘಟಕದ 100 ಕಿಲೋಮೀಟರಿನೊಳಗಿನ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ನೂರಕ್ಕೆ 5 ಪಾಲು ಅದನ್ನೇ ಬಳಸಬೇಕು ಎಂದಿದ್ದವು. ಸಂಕಗಿರಿಯಲ್ಲಿ ಸಿಮೆಂಟ್ ಕಾರ್ಖಾನೆಯಿದೆ, ಆಚೆ ಅರಿಯಲೂರು ಕಡೆ ಹಲವಿವೆ. ಸಿಮೆಂಟ್ ಗೂಡಿನ ತೀವ್ರ ಶಾಖದಲ್ಲಿ ಬಹುಪದರದ ಹೊದಿಕೆ ಸುಡುವುದು ರಸ್ತೆಬದಿಯಲ್ಲಿ ಸುಡುವುದಕ್ಕಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪಬೇಕು. ಆದರೆ ಅಲ್ಲಿಗೆ ಹೋಗುವ ಕಸ ಒಣಗಿರಬೇಕು, ಅದರಲ್ಲಿ ಪಿವಿಸಿ ಇರಬಾರದು. ಮದುವೆಗೂ ರಾಜಕೀಯಕ್ಕೂ ಹುಟ್ಟುಹಬ್ಬಕ್ಕೂ ಕಟ್ಟುವ ಫ್ಲೆಕ್ಸ್ ಬ್ಯಾನರುಗಳು ಪಿವಿಸಿ ಲೇಪನದವು. ಸುಟ್ಟರೆ ಹೊರಡುವ ಕ್ಲೋರಿನ್ ಗೂಡಿಗೂ ಕೇಡು, ಗಾಳಿಗೂ ಕೇಡು. ಅಂದರೆ ಸುಡುವುದಕ್ಕೂ ವಿಂಗಡಣೆ ಬೇಕೇ ಬೇಕು. ಅದೂ ಅಲ್ಲದೆ ಸುಡುವ ದಾರಿ ಸುಲಭವಾದಷ್ಟೂ ಹೊದಿಕೆಯ ವಿನ್ಯಾಸವನ್ನು ಬದಲಿಸುವ ಒತ್ತಾಯ ತಯಾರಕರ ಮೇಲಿಂದ ಇಳಿಯುತ್ತದೆ. ಇದು ಕೊನೆಯ ದಾರಿಯಾಗಿರಲಿ, ಮೊದಲ ದಾರಿಯಾಗುವುದು ಬೇಡ.

ಹಳ್ಳಿಗಳ ಮಾತಿಗೆ ಬಂದರೆ 2016ರ ಘನತ್ಯಾಜ್ಯ ನಿಯಮಗಳು ಅನ್ವಯವಾಗುತ್ತಿದ್ದುದು ನಗರ, ಪಟ್ಟಣ, ಜನಗಣತಿಯ ಪಟ್ಟಣ ಮತ್ತು ಅಧಿಸೂಚಿತ ಸ್ಥಳಗಳಿಗೆ ಮಾತ್ರ. ಪ್ಲಾಸ್ಟಿಕ್ ನಿಯಮಗಳಷ್ಟೇ ಗ್ರಾಮ ಪಂಚಾಯತಿಯ ಹೆಸರೆತ್ತಿದ್ದವು. ಧರ್ಮಪುರಿಯಲ್ಲಿ ನೂರಕ್ಕೆ 83 ಜನ ಈ ನಿಯಮದಾಚೆ ಉಳಿದರು ಎಂಬುದು ಸಣ್ಣ ಲೋಪವಲ್ಲ. ಹಳ್ಳಿಯ ಕಸವೆಲ್ಲ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ತಿಪ್ಪೆಗೆ ಹೋಗಬೇಕಾದದ್ದು ಈಗಲೂ ಹೋಗುತ್ತದೆ. ಆದರೆ ಪಟ್ಟಣದ ಅಂಗಡಿಯಲ್ಲಿ ಸಿಗುವ ಪೊಟ್ಟಣಗಳೇ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಅವುಗಳಿಗೆ ಬೆಂಕಿಯೇ ವಿಲೇವಾರಿ. ತಮಿಳುನಾಡು ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ‘ತೂಯ್ಮೈ ಕಾವಲರ್’ ಎಂಬ ಸ್ವಚ್ಛತಾ ಕಾರ್ಮಿಕರನ್ನು ನೇಮಿಸಿ ಮನೆಮನೆಯ ಕಸ ಸಂಗ್ರಹ ಶುರುಮಾಡಿದ್ದು ಶ್ಲಾಘನೀಯ. ಸಂಗ್ರಹಿಸಿದ್ದನ್ನು ಕೊಳ್ಳುವವರು ಹತ್ತಿರದಲ್ಲಿಲ್ಲದಿದ್ದರೆ ಆ ಶ್ರಮವೂ ಪಂಚಾಯತಿ ಕೊಟ್ಟಿಗೆಯ ಮೂಲೆಯಲ್ಲಿ ಮೂಟೆಯಾಗಿ ನಿಲ್ಲುತ್ತದೆ. ಹಳ್ಳಿಗಳಿಗೆ ಇದೆಲ್ಲ ಆಗದ ಮಾತು ಎನ್ನುವವರು ಕೇರಳದತ್ತ ನೋಡಬಹುದು. ಅಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ‘ಹರಿತ ಕರ್ಮ ಸೇನೆ’ ಕಾಸರಗೋಡಿನ ಪಂಚಾಯತಿಗಳೂ ಸೇರಿದಂತೆ ಮನೆಮನೆಗೆ ಹೋಗಿ, ತೊಳೆದ ಒಣ ಪ್ಲಾಸ್ಟಿಕ್ ಪಡೆದು, ಮನೆಯವರಿಂದ ತಿಂಗಳ ಶುಲ್ಕವನ್ನೂ ಪಡೆಯುತ್ತದೆ. ಅದನ್ನು ಮುಂದಕ್ಕೆ ಸಾಗಿಸಲು ಸರ್ಕಾರದ್ದೇ ಕಂಪನಿಯಿದೆ. ಶುಲ್ಕದ ವಿರುದ್ಧ ಅಲ್ಲಿ ಗೊಣಗಾಟವಿದೆ, ಆದರೂ ಕೆಲಸ ನಿಂತಿಲ್ಲ.

ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಅಭಿಪ್ರಾಯಕ್ಕೆ ಅನುಭವ ಬೆಂಬಲ ಕೊಡುವುದಿಲ್ಲ. ಈ ನಿಯಮಗಳೆಲ್ಲ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಮಕ್ಕಳು. ಅದರ ಉಲ್ಲಂಘನೆಗೆ ಬಹುಕಾಲ ಐದು ವರ್ಷದವರೆಗಿನ ಸೆರೆವಾಸವಿತ್ತು. 2024ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 10 ಸಾವಿರದಿಂದ 15 ಲಕ್ಷ ರೂಪಾಯಿಯವರೆಗಿನ ದಂಡ ಬಂದಿದೆ. ಮನೆಯೊಂದು ಕಸ ಬೆರೆಸಿತೆಂದು ಇಂಥ ಶಿಕ್ಷೆ ವಿಧಿಸಲು ಯಾವ ಅಧಿಕಾರಿಗೂ ಕೈಬಾರದು, ಬರಲೂಬಾರದು. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎರಡು ಡಬ್ಬಿ ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದಾಗ ಅದು ಹಿಡಿದದ್ದು ಮುಖ್ಯವಾಗಿ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ ಚೆನ್ನಾಗಿ ನಡೆಯುತ್ತಿದ್ದ, ಚಿಂದಿ ಆಯುವವರಿಗೆ ಗುರುತಿನ ಚೀಟಿ ಸಿಕ್ಕು ಅವರೇ ಕೇಂದ್ರ ನಡೆಸುತ್ತಿದ್ದ ಕಡೆ. ಬೇರೆ ಮಾಡಿ ಕೊಟ್ಟದ್ದು ಅದೇ ಗಾಡಿಯಲ್ಲಿ ಮತ್ತೆ ಒಂದಾಗುವುದನ್ನು ಕಂಡ ಮನೆಯವರು ಮರುವಾರ ಬೇರೆ ಮಾಡುವುದಿಲ್ಲ. ಅವರನ್ನು ದೂರುವುದು ಅನ್ಯಾಯ.

2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇವುಗಳಲ್ಲಿ ಕೆಲವನ್ನು ತಿದ್ದಿವೆ. ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ಕಾಳಜಿಯ ಕಸ ಎಂದು ಪಾಲು ನಾಲ್ಕಾಗಿದೆ. ಪ್ಯಾಡು, ಡೈಪರು ಕೊನೆಗೂ ಒಣ ಕಸದ ಚೀಲದಿಂದ ಹೊರಬಂದಿವೆ. ಬಲ್ಬು, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಿ ವಿಶೇಷ ಕಾಳಜಿಯ ಪಾಲಿಗೆ ಸೇರುತ್ತವೆ. ಗ್ರಾಮ ಪಂಚಾಯತಿಗಳೂ ನಿಯಮದೊಳಗೆ ಬಂದಿವೆ, ಕಾರ್ಖಾನೆಗಳು ಬಳಸಬೇಕಾದ ಕಸದ ಉರುವಲಿನ ಪಾಲು ಆರು ವರ್ಷಗಳಲ್ಲಿ ನೂರಕ್ಕೆ 15ಕ್ಕೆ ಏರಬೇಕಿದೆ. ಧರ್ಮಪುರಿಯ ಪಂಚಾಯತಿಗಳಿಗೆ ಇದು ಹೊಸ ಕರ್ತವ್ಯ.  ಎರಡೂ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳು ಬರೆಯಬೇಕಾದ ಉಪವಿಧಿಯಲ್ಲಿ ಒಣ ಕಸವನ್ನು ಒಂದೇ ಪದದಲ್ಲಿ ಮುಗಿಸದೆ ಗಾಜು, ಬಹುಪದರದ ಹೊದಿಕೆ, ಥರ್ಮೊಕೋಲು, ಫ್ಲೆಕ್ಸು, ಚಪ್ಪಲಿ, ಮಗ್ಗದ ಕೇರಿಗಳ ಪಾಲಿಯೆಸ್ಟರ್ ನೂಲಿನ ಚೂರು ಎಂದು ಹೆಸರು ಹೆಸರಾಗಿ ಬರೆದು, ಪ್ರತಿಯೊಂದರ ಮುಂದೆ ಅದನ್ನು ತೆಗೆದುಕೊಳ್ಳುವವರನ್ನೂ ತೆಗೆದುಕೊಳ್ಳುವ ದಿನವನ್ನೂ ನಮೂದಿಸಬೇಕು. ಬೆಲೆಯಿಲ್ಲದ ವಸ್ತುವನ್ನು ಪಾಲಕ್ಕೋಡಿನಿಂದಲೋ ಆತ್ತೂರಿನಿಂದಲೋ ಮರುಬಳಕೆಯ ಘಟಕದವರೆಗೆ ಒಯ್ಯುವ ಲಾರಿಯ ಬಾಡಿಗೆಯನ್ನು ಆ ಹೊದಿಕೆಯಲ್ಲಿ ಸರಕು ಮಾರಿದ ಕಂಪನಿಯಿಂದಲೇ ವಸೂಲು ಮಾಡುವ ಅಧಿಕಾರ ಜಿಲ್ಲೆಗೆ ಬೇಕು. ಅದಕ್ಕಾಗಿ 2022ರ ಉತ್ಪಾದಕರ ಹೊಣೆಯ ನಿಯಮದಲ್ಲಿ, ಪ್ರಮಾಣಪತ್ರದ ಇಂತಿಷ್ಟು ಪಾಲು ಸರಕು ಮಾರಾಟವಾದ ಜಿಲ್ಲೆಯ ಸಂಗ್ರಹದಿಂದಲೇ ಬರಬೇಕು ಎಂಬ ಒಂದು ವಾಕ್ಯವನ್ನು ಸೇರಿಸಬೇಕಾಗುತ್ತದೆ.